ಲಾರಿಗೆ ಇಟ್ಟ ಪರಸ್ಥಾನ

ಬಿದಿರು ಕಡ್ಡಿಯ ಮೇಲೆ ಏಳು ಗೀಟುಗಳಿದ್ದವು. ಆರು ನೇರ, ಕೆಳಗಿನಿಂದ ಐದನೆಯದು ಮಾತ್ರ ಬಲಕ್ಕೆ ಸ್ವಲ್ಪ ಓರೆ. ಕೊರೆಯುವಾಗ ಚಾಕು ಜಾರಿರಬೇಕು. ಕಡ್ಡಿಯ ಕೆಳಗಿನ ಅರ್ಧ ಡೀಸೆಲ್ಲಿನಲ್ಲಿ ಅದ್ದಿ ಅದ್ದಿ ಕಪ್ಪಾಗಿತ್ತು, ಮೇಲಿನ ಅರ್ಧ ಹಿಡಿದು ಹಿಡಿದು ನುಣುಪಾಗಿತ್ತು.

ಅದು ನಮ್ಮ ಕಾರ್ಖಾನೆಯ ಲಾರಿಯ ಡೀಸೆಲ್ ಮಾಪಕ. ಲಾರಿಯ ಸ್ವಂತ ಮಾಪಕದ ಮುಳ್ಳು ನಾನು ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತಂತೆ. ಆಮೇಲಿಂದ ಡ್ರೈವರು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು, ಎಷ್ಟನೇ ಗೀಟಿನವರೆಗೆ ಒದ್ದೆಯಾಗಿದೆ ಎಂದು ನೋಡಿಯೇ ಗಾಡಿ ಹೊರಡಿಸುತ್ತಿದ್ದರು. ಎರಡು ಗೀಟುಗಳ ನಡುವೆ ಒದ್ದೆ ನಿಂತರೆ ಅವರು ಕಣ್ಣಂದಾಜಿನಲ್ಲಿ ಹೇಳುವರು. ನಾನು ನನ್ನ ಪೆಟ್ಟಿಗೆಯಿಂದ ಆರಂಗುಲದ ಉಕ್ಕಿನ ಸ್ಕೇಲು ತೆಗೆದು ಅಳೆಯುತ್ತಿದ್ದೆ. ಮೊದಲ ಸಲ ಹಾಗೆ ಅಳೆದಾಗ ಅವರು ತಮಿಳಿನಲ್ಲಿ, "ಏನ್ ಮೇಡಂ, ಲಾರಿಗೆ ಬ್ಲೌಸ್ ಹೊಲೀತೀರಾ?" ಎಂದು ಕೇಳಿದ್ದರು. ನಾನು ನಗದೆ ಅಳತೆ ಬರೆದುಕೊಂಡೆ. ನಗಬಹುದಿತ್ತು ಎಂದು ಈಗ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಆಗ ನನಗೆ ಇಪ್ಪತ್ತಮೂರು ವರ್ಷ. ಅಪ್ಪನಿಗೆ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ ನಾವು ಕೋಡಂಬಾಕ್ಕಂನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಆಹಾರ ತಂತ್ರಜ್ಞಾನದಲ್ಲಿ ಪದವಿ ಮುಗಿಸಿದ ಮೇಲೆ ಪಲ್ಲಾವರಂನ ಒಂದು ಶಾವಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಹೋಗಿ, ಶುಕ್ರವಾರದ ಸಂತೆ ನೆರೆಯುವ ರಸ್ತೆಯನ್ನು ದಾಟಿ ಹತ್ತು ನಿಮಿಷ ನಡೆದರೆ ಕಾರ್ಖಾನೆ. ಬೇಯಿಸಿದ ಹಿಟ್ಟಿನ ವಾಸನೆ ಗೇಟಿಗಿಂತ ಮೊದಲೇ ಎದುರಾಗುತ್ತಿತ್ತು.

ನಮ್ಮ ಶಾವಿಗೆ ಹಡಗಿನಲ್ಲಿ ಹೊರದೇಶಕ್ಕೂ ಹೋಗುತ್ತಿತ್ತು. ಅಲ್ಲಿ ಅದನ್ನು ಕೊಳ್ಳುವವರು ಆ ವರ್ಷ ಒಂದು ನಮೂನೆ ಕಳಿಸಿದ್ದರು. ಒಂದು ಟನ್ ಶಾವಿಗೆ ತಯಾರಾಗಿ ಗೋದಾಮು ಸೇರುವಷ್ಟರಲ್ಲಿ ಎಷ್ಟು ಎಣ್ಣೆ, ಎಷ್ಟು ಡೀಸೆಲ್, ಎಷ್ಟು ಕರೆಂಟು ಖರ್ಚಾಗುತ್ತದೆ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ, ಅದನ್ನು ಇಳಿಸಲು ನೀವು ಏನು ಮಾಡಿದ್ದೀರಿ ಎಂದು ಕೇಳುವ ನಮೂನೆ. ಎರಡು ಭಾಗ: ತಯಾರಿಕೆ ಮತ್ತು ಸಾಗಣೆ. ಕಾರ್ಖಾನೆಯಲ್ಲಿ ಅದಕ್ಕೆ 'ಹೊಗೆ ಕಾಗದ' ಎಂದು ಹೆಸರು ಬಿತ್ತು. ಅದನ್ನು ಹಿಡಿದುಕೊಂಡು ಓಡಾಡುತ್ತಿದ್ದ ನಾನು 'ಪುಗೈ ಮೇಡಂ', ಅಂದರೆ ಹೊಗೆ ಮೇಡಂ ಆದೆ.

ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಮಾಲೀಕರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಪೊಂಗಲ್‌ವರೆಗೆ ಟೈಮ್ ಕೊಡ್ತೀನಿ. ಎರಡು ಭಾಗದಲ್ಲೂ ಇಳಿಸಿ ತೋರಿಸಿದರೆ ನೀನು ಇಲ್ಲಿ ಇಂಜಿನಿಯರ್. ಒಂದು ತಪ್ಪಿದರೂ ಲ್ಯಾಬಿನಲ್ಲಿ ಕುರ್ಚಿ ಖಾಲಿ ಇದೆ," ಎಂದರು. ಬೆದರಿಕೆಯಂತೆ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ಲ್ಯಾಬ್ ಎಂದರೆ ಕಿಟಕಿಯಿಲ್ಲದ ಒಂದು ಕೋಣೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಶಾವಿಗೆಯ ತೇವ ತೂಗಿ ಬರೆಯುವ ಕೆಲಸ. ನನಗಿಂತ ಮೊದಲು ಇಂಜಿನಿಯರ್ ಎಂದು ಬಂದ ಇಬ್ಬರು ಹುಡುಗಿಯರೂ ಆ ಕೋಣೆಗೇ ಹೋಗಿ ಕೂತಿದ್ದರು. ಒಬ್ಬಳು ಇನ್ನೂ ಅಲ್ಲೇ ಇದ್ದಳು. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ನನ್ನನ್ನು ನೋಡಿ, "ನಿನ್ನ ಸ್ಟೂಲ್ ಒರೆಸಿ ಇಟ್ಟಿದ್ದೇನೆ," ಎನ್ನುತ್ತಿದ್ದಳು. ತಮಾಷೆಗೇ. ಆದರೂ ಆ ಸ್ಟೂಲನ್ನು ನಾನು ಒಂದು ದಿನವೂ ಮರೆಯಲಿಲ್ಲ.

ತಯಾರಿಕೆಯ ಭಾಗ ನನಗೆ ಓದಿನಿಂದ ಗೊತ್ತಿದ್ದ ವಿಷಯ. ಬಾಯ್ಲರು ಎಣ್ಣೆ ಸುಟ್ಟು ಉಗಿ ಮಾಡುತ್ತಿತ್ತು, ಆ ಉಗಿ ಕೊಳವೆಗಳಲ್ಲಿ ಹೋಗಿ ಶಾವಿಗೆ ಬೇಯಿಸಿ, ಒಣಕೋಣೆಯನ್ನು ಬಿಸಿ ಮಾಡುತ್ತಿತ್ತು. ಒಂದು ವಾರ ನಾನು ಸೀಮೆಸುಣ್ಣ ಹಿಡಿದು ಕೊಳವೆಗಳ ಉದ್ದಕ್ಕೂ ನಡೆದೆ. ಉಗಿ ಸೋರುವ ಕಡೆಗೆಲ್ಲ ಒಂದು ಸೊನ್ನೆ ಬರೆದೆ. ಬಾಯ್ಲರ್ ನೋಡಿಕೊಳ್ಳುತ್ತಿದ್ದವರಿಗೆ ಅರವತ್ತರ ಹತ್ತಿರ. ನನ್ನನ್ನು 'ಪಾಪ್ಪಾ', ಅಂದರೆ ಮಗು ಎಂದು ಕರೆಯುತ್ತಿದ್ದರು. ಸೊನ್ನೆಗಳನ್ನು ನೋಡಿ ಅವರು, "ಪಾಪ್ಪಾ, ನನಗೆ ಇಷ್ಟು ಸೊನ್ನೆ ನಮ್ಮ ಮೇಷ್ಟರೂ ಕೊಟ್ಟಿರಲಿಲ್ಲ," ಎಂದರು. ಆದರೆ ಮರುದಿನ ಅವರೇ ಸ್ಪ್ಯಾನರ್ ಹಿಡಿದು ಬಂದರು. ನಾನು ನೋಡದೆ ಬಿಟ್ಟಿದ್ದ ನಾಲ್ಕು ಸೋರಿಕೆಗಳನ್ನು ತಾವೇ ತೋರಿಸಿ, ಅವಕ್ಕೂ ಸೊನ್ನೆ ಬರೆಯಿಸಿಕೊಂಡರು.

ಉಗಿ ತಣಿದಾಗ ಆಗುವ ಬಿಸಿನೀರು ಹಿತ್ತಿಲ ಚರಂಡಿಗೆ ಹೋಗುತ್ತಿತ್ತು. ಅದನ್ನು ಬಾಯ್ಲರಿಗೇ ವಾಪಸು ತಿರುಗಿಸಿದರೆ ತಣ್ಣೀರು ಕಾಯಿಸುವ ಎಣ್ಣೆ ಉಳಿಯುತ್ತದೆ. ಕೊಳವೆ ಹಾಕಿಸಿದೆ. ಅದು ಮುಗಿದ ಬೆಳಿಗ್ಗೆ ಪ್ಯಾಕಿಂಗಿನ ಹೆಂಗಸರು ನನ್ನನ್ನು ಸುತ್ತುವರಿದರು. ಅವರಲ್ಲಿ ಹಿರಿಯಳು ಸೊಂಟದ ಮೇಲೆ ಕೈಯಿಟ್ಟು, "ಹೊಗೆ ಮೇಡಂ, ಹೊಗೆ ತಗೊಂಡು ಹೋಗಿ, ಬೇಡ ಅನ್ನಲ್ಲ. ನಮ್ಮ ಬಿಸಿನೀರು ಯಾಕೆ ಕದ್ದಿರಿ?" ಎಂದು ಕೇಳಿದಳು. ವರ್ಷಗಳಿಂದ ಅವರು ಆ ಚರಂಡಿಯ ಬಾಯಲ್ಲೇ ಡಬ್ಬಿ ತೊಳೆದು, ಸಂಜೆ ಕಾಲಿಗೆ ಬಿಸಿನೀರು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಮಧ್ಯಾಹ್ನದೊಳಗೆ ಆ ಕೊಳವೆಗೆ ಒಂದು ನಲ್ಲಿ ಇಡಿಸಿದೆ. ಡಿಸೆಂಬರ್ ಹೊತ್ತಿಗೆ ಬಾಯ್ಲರ್ ಪುಸ್ತಕದ ಅಂಕಿಗಳು ಇಳಿದಿದ್ದವು, ಅದೂ ನನ್ನ ಕೈಬರಹದಲ್ಲಲ್ಲ, ಬಾಯ್ಲರಿನವರ ದಪ್ಪ ದಪ್ಪ ಬರಹದಲ್ಲಿ. ತಯಾರಿಕೆಯ ಭಾಗ ಗೆದ್ದಿತ್ತು.

ಉಳಿದದ್ದು ಸಾಗಣೆ.

ವಾರದಲ್ಲಿ ಐದು ದಿನ ಲಾರಿ ತುಂಬಿಕೊಂಡು ಹೋಗುತ್ತಿತ್ತು. ಸೋಮವಾರ ಮಾತ್ರ ಅರ್ಧ ಖಾಲಿ ಹೋಗುತ್ತಿತ್ತು. ಅರ್ಥವಾಗದ್ದು ಅದೇ, ಏಕೆಂದರೆ ಸೋಮವಾರವೇ ಹೆಚ್ಚು ಸರಕು. ಶನಿವಾರ ಒಣಗಿದ ಶಾವಿಗೆ ಭಾನುವಾರವಿಡೀ ತಣ್ಣಗೆ ಕೂರಬೇಕು, ಇಲ್ಲವಾದರೆ ಪ್ಯಾಕೆಟ್ಟಿನೊಳಗೆ ಬೆವರುತ್ತದೆ. ಆದ್ದರಿಂದ ಸೋಮವಾರ ಆರಕ್ಕೆ ಪ್ಯಾಕಿಂಗ್ ಶುರು, ಎಂಟೂಕಾಲಿಗೆ ಮುಗಿಯುತ್ತಿತ್ತು. ಗೋದಾಮು ಇದ್ದದ್ದು ವಡಪಳನಿಯ ದೇವಸ್ಥಾನದ ಹತ್ತಿರದ ಬೀದಿಯಲ್ಲಿ. ಒಂಬತ್ತೂವರೆಯಾದರೆ ಆ ಬೀದಿಗೆ ಲಾರಿ ಬಿಡುತ್ತಿರಲಿಲ್ಲ. ಮುಕ್ಕಾಲು ಗಂಟೆಯ ದಾರಿ, ಎಂಟೂಕಾಲಿಗೆ ಹೊರಟರೆ ಸಲೀಸಾಗಿ ಸೇರಬಹುದು. ಆದರೆ ಲಾರಿ ಪ್ರತಿ ಸೋಮವಾರ ಏಳು ಇಪ್ಪತ್ತಕ್ಕೇ, ಅಷ್ಟರಲ್ಲಿ ಆದಷ್ಟು ಪೆಟ್ಟಿಗೆ ಹೇರಿಕೊಂಡು ಹೊರಟುಬಿಡುತ್ತಿತ್ತು. ಉಳಿದ ಪೆಟ್ಟಿಗೆಗಳನ್ನು ಮಧ್ಯಾಹ್ನ ಎರಡು ಬಾಡಿಗೆ ಟೆಂಪೊಗಳು ಬಂದು ಒಯ್ಯುತ್ತಿದ್ದವು. ಒಂದು ಗಾಡಿಯ ಕೆಲಸಕ್ಕೆ ಮೂರು ಗಾಡಿಯ ಹೊಗೆ.

ಕಾರಣ ಕೇಳಲು ರವಾನೆ ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕರ ಬಳಿ ಹೋದೆ. ಎಲ್ಲರೂ ಅವರನ್ನು 'ಪೆರಿಯವರ್' ಎನ್ನುತ್ತಿದ್ದರು, ದೊಡ್ಡವರು ಎಂದು. ಹಣೆಯ ಮೇಲೆ ನಾಮ, ಜೇಬಿನಲ್ಲಿ ಪುಟ್ಟ ಪಂಚಾಂಗ. ಅವರ ಮನೆತನ ನಾಲ್ಕು ತಲೆಮಾರಿನಿಂದ ಮದ್ರಾಸಿನದು. ಮನೆಮಾತು ಕನ್ನಡ, ಆದರೆ ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ಕಾರ್ಖಾನೆಯಲ್ಲಿ ಕನ್ನಡ ಆಡುವವರು ನಾವಿಬ್ಬರೇ.

"ಸೋಮವಾರ ಏಳೂವರೆಯಿಂದ ಒಂಬತ್ತು ಏನಮ್ಮಾ?" ಎಂದು ಅವರೇ ನನ್ನನ್ನು ಕೇಳಿದರು.

"ರಾಹುಕಾಲ," ಎಂದೆ.

"ಗೊತ್ತಲ್ಲಾ. ಅಪ್ಪುರಂ, ಮತ್ಯಾಕೆ ಕೇಳ್ತೀ? ರಾಹುಕಾಲದಲ್ಲಿ ನನ್ನ ಗೇಟ್ ದಾಟಿ ಗಾಡಿ ಹೋಗಾದಿಲ್ಲ. ಒಂದೇ ಒಂದು ಸಲ ಬಿಟ್ಟೆ, ನಾನು ಹೊಸದಾಗಿ ಸೇರ್ದಾಗ. ಗಾಡಿ ವಾಪಸ್ ಬಂತು. ಡ್ರೈವರ್ ಬರಲಿಲ್ಲ."

ಅಷ್ಟು ಹೇಳಿ ಅವರು ರಸೀದಿ ಪುಸ್ತಕದತ್ತ ತಿರುಗಿದರು. ಬಂದ ಹಾಗೇ ಹಿಂದಿರುಗಿದೆ.

ಆ ಶುಕ್ರವಾರ ರಜೆ ಹಾಕಿ ಮನೆಯಲ್ಲಿದ್ದೆ. ಅಪ್ಪ ಮಧ್ಯಾಹ್ನದ ರೈಲಿಗೆ ಊರಿಗೆ ಹೊರಡುವವರಿದ್ದರು. ಹನ್ನೊಂದಕ್ಕೆ ಮನೆ ಬಿಡಬೇಕು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹತ್ತೂಕಾಲಿಗೆ ಅಮ್ಮ ಅಪ್ಪನ ಚೀಲವನ್ನು ನನ್ನ ಕೈಗೆ ಕೊಟ್ಟು, "ಕೆಳಗಿನ ಮನೆ ಮಾಮಿ ಹತ್ರ ಇಟ್ಬಾ. ಪರಸ್ಥಾನ ಆಗ್ಲಿ," ಎಂದಳು. ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಹೊರಡುವ ಹೊತ್ತು ಚೆನ್ನಾಗಿಲ್ಲದಿದ್ದರೆ ಚೆನ್ನಾಗಿರುವ ಹೊತ್ತಿನಲ್ಲೇ ಪ್ರಯಾಣಿಕನ ಒಂದು ಸಾಮಾನು ಹೊಸಿಲು ದಾಟಿ ಬೇರೆ ಮನೆಯಲ್ಲಿ ಕೂರುತ್ತದೆ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ಯಾವಾಗ ಹೋದರೂ ನಡೆಯುತ್ತದೆ. ಮೆಟ್ಟಿಲಿಳಿದು ಚೀಲ ಕೊಟ್ಟು ಮತ್ತೆ ಮೇಲಕ್ಕೆ ಹತ್ತಿದೆ. ತೆರೆದ ಬಾಗಿಲಿನಲ್ಲಿ ಅಪ್ಪ ಹುಳಿಯನ್ನ ಕಲಸಿಕೊಳ್ಳುತ್ತ ಕೂತಿದ್ದು ಕಾಣುತ್ತಿತ್ತು.

ಎರಡು ಮೆಟ್ಟಿಲು ಹತ್ತುವುದು ಬಾಕಿಯಿರುವಾಗ ನಾನು ಹಾಗೇ ನಿಂತೆ.

ಸಂಜೆ ಅಮ್ಮನಿಗೆ, "ಲಾರಿಗೆ ಪರಸ್ಥಾನ ಇಡಬಹುದೇ?" ಎಂದು ಕೇಳಿದೆ. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಲಾರೀಗಾ? ಮದ್ವೆ ಮಾಡ್ಕೊಂಡು ಹೋಗ್ತಿದ್ಯೇನೇ ಅದು?" ಎಂದಳು. ಒಳಗಿದ್ದ ತಂಗಿ ತಮಿಳಿನಲ್ಲಿ, "ಅಕ್ಕನಿಗೆ ಹೊಗೆ ತಲೆಗೇರಿದೆ," ಎಂದು ಕೂಗಿದಳು. ನಕ್ಕು ಮುಗಿದ ಮೇಲೆ ಅಮ್ಮ ಸ್ವಲ್ಪ ಯೋಚಿಸಿ, "ಹೋಗೋರು ಯಾರಾದ್ರೇನು. ಇಡ್ಬೌದು," ಎಂದಳು.

ಶನಿವಾರ ಪೆರಿಯವರ ಮುಂದೆ ಇದನ್ನು ಇಟ್ಟಾಗ ಅವರು ಕನ್ನಡಕ ತೆಗೆದು ಒರೆಸಿದರು. "ಗಾಡೀಗೆ ಪರಸ್ಥಾನಂ," ಎಂದು ಒಂದು ಸಲ ತಮಗೇ ಹೇಳಿಕೊಂಡರು. "ಇಂಜಿನಿಯರಿಂಗ್‌ನಲ್ಲಿ ಇದನ್ನೂ ಕಲಿಸ್ತಾರಾ?"

"ಇಲ್ಲ. ಇದು ಅಮ್ಮ ಕಲಿಸಿದ್ದು."

"ಅದೇದಾನೇ ಅಂದ್ಕೊಂಡೆ. ಕಾಲೇಜಿನದಾದ್ರೆ ನಾನು ಕೇಳ್ತಾನೇ ಇರಲಿಲ್ಲ." ಪಂಚಾಂಗ ತೆಗೆದು ಹಿಂದೆ ಮುಂದೆ ತಿರುವಿ, "ಸರಿ. ಹೋಗಾದು ಗಾಡಿ. ಹಾಗಾದ್ರೆ ಗಾಡೀನೇ ಏಳೂವರೆ ಒಳಗೆ ಗೇಟ್ ದಾಟ್ಬೇಕು. ಆಚೆ ಮರದ ಕೆಳಗೆ ನಿಲ್ಲಲಿ. ಅಲ್ಲೇ ಲೋಡ್ ಮಾಡಿ, ಆದ್ಮೇಲೆ ಹೋಗಲಿ," ಎಂದರು.

ಅವರು ಒಪ್ಪಿದ್ದೇ ನನಗೆ ಸಾಕಾಗಿತ್ತು. ಸೋಮವಾರ ಏಳು ಇಪ್ಪತ್ತಕ್ಕೆ ಲಾರಿ ಗೇಟು ದಾಟಿ ರಸ್ತೆಬದಿಯ ಮರದ ಕೆಳಗೆ ನಿಂತಿತು. ನಾನು ಅದನ್ನು ಕಣ್ಣಾರೆ ನೋಡಿ, ನೇರ ಮಾಲೀಕರ ಕೋಣೆಗೆ ಹೋಗಿ, ನಮೂನೆಯ ಕರಡಿನಲ್ಲಿ ಸಾಗಣೆಯ ಭಾಗವನ್ನು ಶಾಯಿಯಲ್ಲಿ ತುಂಬಿದೆ. ಪೆನ್ಸಿಲಿನಲ್ಲಿ ಬರೆಯುವುದು ನನ್ನ ಅಭ್ಯಾಸ. ಆ ದಿನ ಶಾಯಿಯಲ್ಲಿ ಬರೆದೆ. ಮಾಲೀಕರು ಓದಿ ಹುಬ್ಬೇರಿಸಿ, "ಭಲೇ," ಎಂದರು.

ಸಂಜೆ ಕಡ್ಡಿ ಇಳಿಬಿಟ್ಟಾಗ ಒದ್ದೆ ನಾನು ನಿರೀಕ್ಷಿಸಿದ್ದಕ್ಕಿಂತ ಅರ್ಧ ಬೆರಳು ಕೆಳಗಿತ್ತು. ಸ್ಕೇಲಿನಿಂದ ಎರಡು ಸಲ ಅಳೆದೆ. ಡ್ರೈವರನ್ನು ಕೇಳಿದೆ.

"ಎಂಜಿನ್ ಆನ್‌ನಲ್ಲೇ ಇತ್ತಲ್ಲ ಮೇಡಂ," ಎಂದರು ಅವರು, ನನಗೇ ಗೊತ್ತಿರಬೇಕಾದ್ದು ಎಂಬಂತೆ.

"ಎಷ್ಟು ಹೊತ್ತು?"

"ಲೋಡ್ ಆಗೋವರೆಗೆ. ಕಿಳಂಬಿಯಾಚ್ಚು, ಹೊರಟಾಯ್ತು. ಹೊರಟ ಗಾಡಿ ಆಫ್ ಮಾಡಿದರೆ ಪ್ರಯಾಣ ಮುರಿದ ಹಾಗೆ ಅಲ್ಲವಾ? ಆಮೇಲೆ ರಾಹುಕಾಲದಲ್ಲಿ ಕೀ ತಿರುಗಿಸಬೇಕಾಗುತ್ತೆ. ಪೆರಿಯವರ್ ಬಿಡ್ತಾರಾ?"

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು. ಒಂದು ಗಂಟೆಗೂ ಹೆಚ್ಚು ಲಾರಿ ನಿಂತಲ್ಲೇ ಹೊಗೆ ಬಿಟ್ಟಿತ್ತು. ಬಾಯ್ಲರಿನ ಸದ್ದಿನಲ್ಲಿ ಒಳಗಿದ್ದ ನನಗೆ ಕೇಳಿಸಿರಲಿಲ್ಲ. ಅಷ್ಟೇ ಅಲ್ಲ. ಒಳಗಿನ ಕಟ್ಟೆಯಿಂದ ನೇರ ಲಾರಿಗೆ ಜಾರಿಸುತ್ತಿದ್ದ ಪೆಟ್ಟಿಗೆಗಳನ್ನು ಹೆಂಗಸರು ಮಂಜು ಸುರಿಯುವಾಗ ಗೇಟಿನಾಚೆಗೆ ಹೊತ್ತು ಸಾಗಿಸಬೇಕಾಗಿತ್ತು. ಹೊತ್ತಾಗಿ, ಲಾರಿ ಮುಕ್ಕಾಲು ತುಂಬಿಯೇ ಹೊರಟಿತ್ತು. ಒಂದು ಟೆಂಪೊ ತಪ್ಪಿತು, ಇನ್ನೊಂದು ಮಾಮೂಲಿನಂತೆ ಬಂತು. ತಪ್ಪಿದ ಟೆಂಪೊದ ಡೀಸೆಲ್ಲಿನಷ್ಟನ್ನೂ ನಿಂತಿದ್ದ ಲಾರಿ ಕುಡಿದಿತ್ತು. ಲೆಕ್ಕ ಹಾಕಿದೆ. ಇಳಿದದ್ದು ಏನೂ ಇರಲಿಲ್ಲ.

ಮರುದಿನ ಮಾಲೀಕರ ಕೋಣೆಗೆ ಹೋಗಿ, ಶಾಯಿಯಲ್ಲಿ ಬರೆದಿದ್ದನ್ನು ಅವರ ಎದುರೇ ಹೊಡೆದುಹಾಕಿದೆ. ಯಾಕೆಂದು ಎರಡು ವಾಕ್ಯದಲ್ಲಿ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಕ್ಯಾಲೆಂಡರ್ ನೋಡಿದರು. "ಪೊಂಗಲ್‌ಗೆ ಮುಂಚೆ ಇನ್ನೊಂದೇ ಸೋಮವಾರ ಇದೆ," ಎಂದರು.

ಮಧ್ಯಾಹ್ನ ಊಟಕ್ಕೆ ನಾನು ಲ್ಯಾಬಿನ ಕಡೆ ಹೋಗಲಿಲ್ಲ. ರವಾನೆ ಕಟ್ಟೆಯ ತುದಿಯಲ್ಲಿ ಕೂತು ಡಬ್ಬಿ ತೆಗೆದೆ. ಪೆರಿಯವರೂ ತಮ್ಮ ಮೊಸರನ್ನದ ಡಬ್ಬಿ ಹಿಡಿದು ಬಂದು ಒಂದು ಮಾರು ದೂರದಲ್ಲಿ ಕೂತರು. ಡ್ರೈವರು ಲಾರಿಯ ಮೆಟ್ಟಿಲ ಮೇಲಿದ್ದರು.

"ಹೊಡೆದುಹಾಕ್ಬಿಟ್ಯಂತೆ," ಎಂದರು ಪೆರಿಯವರ್.

"ಹೂಂ."

"ಯಾರೂ ಹೇಳ್ತಿರಲಿಲ್ಲ. ಸುಮ್ಮಾ ಇರಬಹುದಿತ್ತು."

ನನ್ನ ಡಬ್ಬಿಯ ಹುಳಿಯನ್ನದ ವಾಸನೆಗೋ ಏನೋ, ಶುಕ್ರವಾರದ ಬೆಳಿಗ್ಗೆ ನೆನಪಾಯಿತು. "ನಮ್ಮಪ್ಪ ಹೋಗಿರಲಿಲ್ಲ," ಎಂದೆ.

"ಎಲ್ಲಿಗೆ?"

"ಕೆಳಗಿನ ಮನೆಗೆ. ಪರಸ್ಥಾನಕ್ಕೆ ಅಪ್ಪ ಹೋಗಲಿಲ್ಲ, ಅವರ ಚೀಲ ಹೋಯಿತು. ಅಪ್ಪ ಮನೆಯಲ್ಲೇ ಕೂತು ಊಟ ಮಾಡುತ್ತಿದ್ದರು. ನಿನ್ನೆ ಲಾರಿಯನ್ನು ದಾಟಿಸಿ ನಾವು ಅಪ್ಪನನ್ನೇ ಆಚೆ ಕಳಿಸಿಬಿಟ್ಟೆವು."

ಪೆರಿಯವರ್ ತುತ್ತನ್ನು ಡಬ್ಬಿಗೇ ಇಳಿಸಿದರು. "ಅಯ್ಯೋ ರಾಮಾ. ನಂಗೆ ಹೊಳೀಬೇಕಿತ್ತು. ಐವತ್ತು ವರ್ಷದಿಂದ ಪರಸ್ಥಾನಂ ಇಟ್ಟೋನು ನಾನು." ಡ್ರೈವರ ಕಡೆ ತಿರುಗಿ ತಮಿಳಿನಲ್ಲಿ, "ಏನಪ್ಪಾ, ನಿನ್ನ ಗಾಡಿಗೆ ಚೀಲ ಯಾವುದು?" ಎಂದು ಕೇಳಿದರು.

ಡ್ರೈವರು, "ಸ್ಟೆಪ್ನಿ ಟಯರ್ ಇದೆ. ಪೆರಿಯವರೇ ಹೊತ್ತುಕೊಂಡು ಹೋಗೋದಾದರೆ ತೆಗೆದುಕೊಡ್ತೀನಿ," ಎಂದರು.

"ನಿನ್ನ ಟವೆಲ್?"

"ಅದು ನನ್ನದು. ಗಾಡಿಯದಲ್ಲ."

"ಗಾಡಿಯದೇ ಆಗಿರಬೇಕು," ಎಂದು ಪೆರಿಯವರ್ ಗಂಭೀರವಾಗಿ ಒಪ್ಪಿದರು. "ಅದಿಲ್ಲದೆ ಗಾಡಿ ಹೊರಡೋ ಹಾಗಿರಬಾರದು. ಅಂಥಾದ್ದು ಏನಿದೆ?"

ಮೂವರೂ ಲಾರಿಯನ್ನು ನೋಡಿದೆವು. ಡೀಸೆಲ್ ಟ್ಯಾಂಕಿನ ಮೇಲೆ, ತಂತಿಯ ಎರಡು ಕೊಕ್ಕೆಗಳ ನಡುವೆ, ಬಿದಿರು ಕಡ್ಡಿ ಇತ್ತು. ಮೊದಲು ಯಾರು ಕೈತೋರಿದರೆಂದು ನನಗೆ ನೆನಪಿಲ್ಲ. ನಾನೇ ಎಂದು ಡ್ರೈವರು ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು. ಪೆರಿಯವರೆಂದು ನಾನು ಹೇಳುತ್ತಿದ್ದೆ.

ಮುಂದಿನ ಸೋಮವಾರ ಆರಕ್ಕೇ ಕಾರ್ಖಾನೆಯಲ್ಲಿದ್ದೆ. ಏಳಕ್ಕೆ ಕಡ್ಡಿ ಇಳಿಬಿಟ್ಟು ಅಳತೆ ಬರೆದುಕೊಂಡೆ. ಡ್ರೈವರು ಅದನ್ನು ಚಿಂದಿಯಿಂದ ಚೆನ್ನಾಗಿ ಒರೆಸಿ ಪೆರಿಯವರಿಗೆ ಕೊಟ್ಟರು. ಪೆರಿಯವರ್ ಏಳು ಇಪ್ಪತ್ತಕ್ಕೆ ಚಪ್ಪಲಿ ಬಿಟ್ಟು, ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೇಟು ದಾಟಿ ಎದುರಿನ ಟೀ ಅಂಗಡಿಗೆ ಹೋದರು. ಅಂಗಡಿಯಾಕೆ ಏನೂ ಕೇಳದೆ ಅದನ್ನು ಇಸಿದುಕೊಂಡು ಮುರುಗನ ಪಟದ ಪಕ್ಕಕ್ಕೆ ಒರಗಿಸಿದಳು. ಪ್ಯಾಕಿಂಗಿನ ಹಿರಿಯ ಹೆಂಗಸು ಬಾಗಿಲಲ್ಲಿ ನಿಂತು, "ಹೊಗೆ ಮೇಡಂ, ಕಡ್ಡಿಗೆ ಟೀ ಹೇಳಿದ್ರಾ?" ಎಂದಳು. ಈ ಸಲ ನಾನು ನಕ್ಕೆ.

ಲಾರಿ ಒಳಗಿನ ಕಟ್ಟೆಗೆ ಬೆನ್ನು ತಾಗಿಸಿ ನಿಂತಿತ್ತು, ಎಂಜಿನ್ ಆಫ್. ನಾನು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದೆ, ತಣ್ಣಗಿತ್ತು. ಪೆಟ್ಟಿಗೆಗಳು ಜಾರಿ ಜಾರಿ ಒಳಗೆ ಸೇರಿದವು. ಬಾಗಿಲ ಅಗಳಿ ಬೀಳುವಾಗ ನನ್ನ ಗಡಿಯಾರದಲ್ಲಿ ಎಂಟು ಹದಿನೇಳು. ಕಟ್ಟೆಯ ಮೇಲೆ ಒಂದು ಪೆಟ್ಟಿಗೆಯೂ ಉಳಿದಿರಲಿಲ್ಲ.

ಡ್ರೈವರು ಕೀಲಿಯ ಮೇಲೆ ಕೈಯಿಟ್ಟು ಪೆರಿಯವರತ್ತ ನೋಡಿದರು. ಪೆರಿಯವರ್ ಗೇಟಿನ ಕಂಬ ಹಿಡಿದು ನಿಂತಿದ್ದರು. ಮೂವತ್ತು ವರ್ಷ ಅವರು ಈ ಹೊತ್ತಿನಲ್ಲಿ ಆ ಗೇಟು ತೆರೆದಿರಲಿಲ್ಲ. ಅವರು ಬೇಡವೆಂದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಅದನ್ನು ಹಿಂದಿನ ದಿನವೇ ನಿರ್ಧರಿಸಿಕೊಂಡಿದ್ದೆ. ಲ್ಯಾಬಿನ ಸ್ಟೂಲಿನ ಮೇಲೆ ಹೋಗಿ ಕೂರುತ್ತಿದ್ದೆ. ಅವರು ಒಂದು ಸಲ ಟೀ ಅಂಗಡಿಯ ಕಡೆ ನೋಡಿದರು. ಕಡ್ಡಿ ಅಲ್ಲೇ ಇತ್ತು.

"ಗಾಡಿ ಆವಾಗ್ಲೇ ಹೋಗಾಯ್ತಲ್ಲಪ್ಪಾ," ಎಂದು ಡ್ರೈವರಿಗೆ ಕೇಳುವಂತೆ ತಮಿಳಿನಲ್ಲಿ ಹೇಳಿದರು. "ಇನ್ನೂ ಏನು ಕೂತಿದ್ದೀ?"

ಗೇಟು ತೆರೆಯಿತು. ಲಾರಿ ರಸ್ತೆಯಾಚೆ ಒಂದು ಕ್ಷಣ ನಿಂತಿತು, ಅಂಗಡಿಯಾಕೆ ಚಾಚಿದ ಕಡ್ಡಿಯನ್ನು ಡ್ರೈವರು ಕಿಟಕಿಯಿಂದ ಇಸಿದುಕೊಂಡು ಹೋದರು. ಪೆರಿಯವರ್ ಒಳಗೆ ಬಂದು ಫೋನಿನ ಪಕ್ಕ ಕೂತರು. ಕಾಫಿ ಬಂತು, ಕುಡಿಯಲಿಲ್ಲ. ನಾನೂ ರಸೀದಿಗಳನ್ನು ಜೋಡಿಸುವ ನೆಪದಲ್ಲಿ ಅಲ್ಲೇ ಇದ್ದೆ. ಒಂಬತ್ತು ಹತ್ತಕ್ಕೆ ಗೋದಾಮಿನಿಂದ ಡ್ರೈವರ ಫೋನ್ ಬಂತು. ಪೆರಿಯವರ್ ಕೇಳಿಸಿಕೊಂಡರು, ಮೊದಲು ಕೇಳಿದ ಪ್ರಶ್ನೆ ಸರಕಿನದಲ್ಲ: "ನೀನು ಚೆನ್ನಾಗಿದ್ದೀಯಾ?" ಆಮೇಲೆ ರಿಸೀವರ್ ಇಟ್ಟು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಟೆಂಪೊ ಸ್ಟ್ಯಾಂಡಿಗೆ ಫೋನು ಮಾಡಿ, "ಇವತ್ತು ಯಾರೂ ಬೇಡ," ಎಂದರು.

ಸಂಜೆ ಒದ್ದೆಯ ಗುರುತು ಎಲ್ಲಿ ನಿಲ್ಲಬೇಕೆಂದು ನಾನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆನೋ ಅಲ್ಲಿಗೆ ಕೂದಲೆಳೆಯಷ್ಟು ಮೇಲೇ ನಿಂತಿತು. ಮೂರು ಸಲ ಅಳೆದೆ. ಅಂಕಿಯನ್ನು ಮಾಲೀಕರ ಮೇಜಿನ ಮೇಲೆ ಇಟ್ಟೆ. ನಮೂನೆಯಲ್ಲಿ, ಏನು ಮಾಡಿದ್ದೀರಿ ಎಂಬ ಖಾನೆಯಲ್ಲಿ, 'ರವಾನೆಯ ಕ್ರಮ ಬದಲಿಸಲಾಗಿದೆ. ಮೂರು ವಾಹನಗಳ ಬದಲು ಒಂದು' ಎಂಬರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಬದಲಿಸಿದ್ದು ಹೇಗೆ ಎಂದು ಬರೆಯಲು ಖಾನೆಯಲ್ಲಿ ಜಾಗವಿರಲಿಲ್ಲ. ಮಾಲೀಕರು ಓದಿ ರುಜು ಹಾಕಿದರು. ಅದರ ಕೆಳಗೆ, ತಯಾರಿಸಿದವರು ಎಂಬಲ್ಲಿ ನನಗೆ ರುಜು ಹಾಕಲು ಹೇಳಿ, ರುಜುವಿನ ಮುಂದೆ 'ಇಂಜಿನಿಯರ್' ಎಂದು ತಾವೇ ಸೇರಿಸಿದರು. "ಲ್ಯಾಬಿಗೆ ಬೇರೆ ಯಾರನ್ನಾದರೂ ಹುಡುಕಬೇಕಲ್ಲ," ಎಂದು ಗೊಣಗಿದರು.

ಆಮೇಲಿನ ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸಗಳನ್ನು ಮಾಡಿದ್ದೇನೆ. ಬಾಯ್ಲರುಗಳನ್ನೇ ಬದಲಿಸಿದ್ದೇನೆ. ಆದರೆ ಆ ಸಂಜೆ ಪಲ್ಲಾವರಂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಇದ್ದಂಥ ಹೆಮ್ಮೆ ಮತ್ತೆ ಅಷ್ಟು ಪೂರ್ತಿಯಾಗಿ ಬಂದದ್ದಿಲ್ಲ. ಎರಡು ರೈಲು ಹೋಗಲು ಬಿಟ್ಟೆ. ಮನೆಗೆ ಹೋಗಿ ಅಮ್ಮನಿಗೆ, "ಲಾರಿ ಸರಿಯಾಗಿ ಸೇರಿತು," ಎಂದೆ. ಅಮ್ಮ, "ಮತ್ತೆ, ಪರಸ್ಥಾನ ಅಂದ್ರೆ ಸುಮ್ನೇನಾ?" ಎಂದು ದೋಸೆ ತಿರುವಿ ಹಾಕಿದಳು. ಇಂಜಿನಿಯರ್ ಎಂಬ ಪದದ ವಿಷಯವನ್ನು ಊಟ ಮುಗಿದ ಮೇಲೆ ಹೇಳಿದೆ, ಅದೂ ಅಪ್ಪ ಕೇಳಿದ ಮೇಲೆ.

ಮರುದಿನ ಬೆಳಿಗ್ಗೆ ಮಾಮೂಲಿಗಿಂತ ಒಂದು ರೈಲು ಮುಂಚೆ ಹೋದೆ. ಬಾಯ್ಲರಿನವರಿಂದ ಸಣ್ಣ ಗರಗಸದ ಅಲಗು ಕೇಳಿ ಇಸಿದುಕೊಂಡು, ಡ್ರೈವರ ಒಪ್ಪಿಗೆ ಪಡೆದು, ರವಾನೆ ಕಟ್ಟೆಯ ಮೇಲೆ ಕೂತು ಬಿದಿರು ಕಡ್ಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಕ್ಕಿನ ಸ್ಕೇಲಿನಿಂದ ಅಳೆದು, ಎರಡೆರಡು ಗೀಟುಗಳ ನಡುವೆ ಒಂದೊಂದು ಸಣ್ಣ ಗೀಟು ಕೊರೆದೆ, ಇನ್ನು ನನ್ನ ಸ್ಕೇಲಿಲ್ಲದೆಯೂ ಅವರು ಅರ್ಧ ಓದಬಹುದು ಎಂದು. ಆರು ಹೊಸ ಗೀಟುಗಳು. ಓರೆಯಾಗಿದ್ದ ಐದನೆಯದನ್ನು ಹಾಗೇ ಬಿಟ್ಟು, ಪುಡಿಯನ್ನು ಊದಿ, ಕಡ್ಡಿಯನ್ನು ಲಾರಿಯ ಕೊಕ್ಕೆಗಳ ನಡುವೆ ಸಿಕ್ಕಿಸಿ ಬಾಯ್ಲರ್ ಮನೆಗೆ ಹೋದೆ.